ಎಲುಬು ಕೂಡಿಸುವ ಪೆಟ್ಟಿಗೆ

ಪುಣೆ
12 ಜೂನ್ 1987

ಕೆಂಪವ್ವನಿಗೆ,

ಪತ್ರ ಒಡೆದ ಕೂಡಲೇ ನೀನು ಏನು ಕೇಳುತ್ತೀ ಎಂದು ಗೊತ್ತು. ಹದಿನಾರು ತಿಂಗಳು ಎಲ್ಲಿ ಸತ್ತಿದ್ದೆ? ಬೇಡಕಿಹಾಳದ ತಿರುವಿನಲ್ಲಿ ಮೊಪೆಡ್ ಓಡಿಸುತ್ತಿದ್ದವಳು ನಾನು. ಕಬ್ಬಿನ ಒಣ ಎಲೆಯ ರವದಿಯ ಮೇಲೆ ಗಾಲಿ ಜಾರಿತು. ನನ್ನ ಮೊಣಕೈ ತರಚಿತು, ನಿನ್ನ ಕಾಲು ಮುರಿಯಿತು. ನಾಲ್ಕನೆಯ ದಿನ, ರಜೆ ಮುಗಿಯಿತು ಎಂದು ಹೇಳಿ ಬಸ್ ಹತ್ತಿದೆ. ರಜೆ ಇನ್ನೂ ಆರು ದಿನ ಇತ್ತು.

ಅವ್ವ ಬರೆದಿದ್ದಾಳೆ. ಎರಡು ಸಲ ಪ್ಲಾಸ್ಟರ್ ಹಾಕಿದರೂ ನಿನ್ನ ಮೊಣಕಾಲ ಕೆಳಗಿನ ಎಲುಬು ಕೂಡಿಲ್ಲವಂತೆ. ನಿನ್ನ ಗಂಡ ಹಾಲಸಿದ್ದ ಕುರಿ ಹಿಂಡು ಹೊಡೆದುಕೊಂಡು ಹೋಗುವಾಗ ನಿನ್ನನ್ನು ಕರೋಶಿಯಲ್ಲೇ ಬಿಟ್ಟು ಹೋಗುತ್ತಾನಂತೆ. ಯಾರೋ ಡಾಕ್ಟರು ಕಾಲು ತೆಗೆಯುವ ಮಾತನ್ನೂ ಆಡಿದರಂತೆ. ದಯವಿಟ್ಟು ಅದಕ್ಕೆ ಒಪ್ಪಬೇಡ.

ನಾನೀಗ ಇಲ್ಲಿಯ ಸಂಸ್ಥೆಯಲ್ಲಿ ಒಂದು ಉಪಕರಣದ ವಿನ್ಯಾಸ ಮಾಡುತ್ತಿದ್ದೇನೆ. ನಾವು ನಡೆಯುವಾಗ ಎಲುಬಿನ ಮೇಲೆ ಭಾರ ಬಿದ್ದು ಅದರೊಳಗೆ ತೀರ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಎಲ್ಲಿ ಬೆಳೆಯಬೇಕು ಎಂದು ಎಲುಬಿಗೆ ತಿಳಿಯುವುದು ಅದರಿಂದಲೇ ಎಂದು ಬಲ್ಲವರು ಊಹಿಸುತ್ತಾರೆ. ಕೂಡದ ಎಲುಬಿಗೆ ಹೊರಗಿನಿಂದ ಅಂಥ ಮಿಡಿತ ಕೊಟ್ಟರೆ? ಪ್ಲಾಸ್ಟರಿನ ಮೇಲೆ ತಾಮ್ರದ ತಂತಿಯ ಎರಡು ಸುರುಳಿ, ಪಕ್ಕದಲ್ಲಿ ಒಂದು ಪೆಟ್ಟಿಗೆ, ದಿನಕ್ಕೆ ಹತ್ತು ತಾಸು. ನೋವಿಲ್ಲ, ಚುರುಕ್ ಎನ್ನುವುದೂ ಇಲ್ಲ. ನಿಮ್ಮ ಕಡೆ ಕರೆಂಟಿನ ಪಾಡು ಗೊತ್ತಿದ್ದರಿಂದ ಒಳಗೆ ಬ್ಯಾಟರಿ ಇಟ್ಟಿದ್ದೇನೆ. ಪರೀಕ್ಷೆಗೆಂದು ನಲವತ್ತು ಪೆಟ್ಟಿಗೆ ಮಾಡಿದ್ದೇವೆ. ಆರು ನಿಪಾಣಿಯ ಡಾ. ಕಾಕಾಸಾಹೇಬ ಮಗದುಮ್ಮರ ಹತ್ತಿರ ಇವೆ. ಹೋಗಿ ಅವರನ್ನು ಕಾಣು.

ಈ ಕೆಲಸವನ್ನು ನಾನು ಕೇಳಿ ಪಡೆದುಕೊಂಡೆ. ಏಕೆ ಎಂದು ಬರೆಯುವುದಿಲ್ಲ.

ಏಳನೆಯ ಇಯತ್ತೆಯವರೆಗೆ ನಿನ್ನ ಪಕ್ಕ ಕೂತವಳು,
ಮಂಗಲ

*

ಕರೋಶಿ
8 ಜುಲೈ 1987

ಮಂಗಲಳಿಗೆ,

ಪತ್ರ ಬಂದು ಮೂರು ವಾರವಾಯಿತು. ಮೊದಲ ವಾರ ಓದಲಿಲ್ಲ. ಎರಡನೆಯ ವಾರ ಓದಿ ಗಂಟಿನಲ್ಲಿ ಇಟ್ಟೆ. ಮೂರನೆಯ ವಾರ ಹಾಲಸಿದ್ದ ಬಂದವನು ತಾನೇ ಓದಿಸಿಕೊಂಡು, "ಕಾಲ ತಗಸೋದಕ್ಕಿಂತ ಪೆಟಗಿ ಕಟಗೊಳ್ಳೋದ ಛಲೋ. ನಡಿ," ಎಂದ. ಸದಲಗಾದ ಕಡೆ ಹೊಲದಲ್ಲಿ ಹಿಂಡು ಬಿಟ್ಟು ಬಂದಿದ್ದ. ಹೆಚ್ಚು ಯೋಚಿಸಲು ಅವನಿಗೂ ವೇಳೆ ಇರಲಿಲ್ಲ.

ಡಾಕ್ಟರರು ಒಳ್ಳೆಯವರು. ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, "ನೋಡವಾ, ಎರಡೂ ತುದಿ ಮಾರಿ ತಿರುವಿಕೊಂಡ ಕುಂತಾವ," ಎಂದರು. ನನಗೆ ನಾವಿಬ್ಬರು ನೆನಪಾದೆವು. ಕಾಂಪೌಂಡರು ಒಂದು ಕಾಗದ ಓದಿದರು. ಅರ್ಧ ಮರಾಠಿ, ಅರ್ಧ ಇಂಗ್ಲಿಷು, ಪಕ್ಕದಲ್ಲಿ ಒಂದು ಕೂಸು ಕಿರುಚುತ್ತಿತ್ತು. ಸಹಿ ಮಾಡಿದೆ. ಹೊಸ ಪ್ಲಾಸ್ಟರ್, ಹದಿನೇಳನೆಯ ನಂಬರಿನ ಪೆಟ್ಟಿಗೆ. ಒತ್ತಿದರೆ ಹಸಿರು ದೀಪ ಉರಿಯುತ್ತದೆ. ಆರು ತಿಂಗಳು ಹೀಗೆಯೇ. ಕಾಲು ನೆಲಕ್ಕೆ ಊರಬಾರದು.

ನಾನು ಇನ್ನೂ ಸಿಟ್ಟಿನಲ್ಲಿದ್ದೇನೆ. ಆದರೆ ಪೆಟ್ಟಿಗೆಯ ಮೇಲೆ ಅಲ್ಲ.

ಕೆಂಪವ್ವ

*

ಪುಣೆ
20 ಜುಲೈ 1987

ಕೆಂಪವ್ವಾ,

ನೀನು ಬರೆದೆ, ಅಷ್ಟೇ ಸಾಕು. ಸಿಟ್ಟು ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಟುಕೋ.

ನನಗೊಂದು ಉಪಕಾರ ಮಾಡು. ಪೆಟ್ಟಿಗೆಯಲ್ಲಿ ಏನೇನು ತೊಂದರೆ ಇದೆ ಎಂದು ಬರೆ. ಇಲ್ಲಿ ನಾವು ಅದನ್ನು ಮೇಜಿನ ಮೇಲೆ, ಕಟ್ಟಿಗೆಯ ಕಾಲಿಗೆ ಕಟ್ಟಿ ನೋಡಿದ್ದೇವೆ. ಕಟ್ಟಿಗೆಯ ಕಾಲು ಮಗ್ಗುಲು ಬದಲಿಸುವುದಿಲ್ಲ, ಬೆವರುವುದಿಲ್ಲ, ಬೈಯುವುದೂ ಇಲ್ಲ.

ಮುಂದಿನ ಸಲ ನಿಪಾಣಿಗೆ ಹೋದಾಗ, ಸಹಿ ಮಾಡಿದ ಆ ಕಾಗದದಲ್ಲಿ ಏನಿತ್ತು ಎಂದು ಇನ್ನೊಮ್ಮೆ ನಿಧಾನವಾಗಿ ಓದಿಸಿ ಕೇಳು.

ನಿನ್ನ ಬೈಗುಳಕ್ಕೆ ಕಾದಿರುವ,
ಮಂಗಲ

*

ಕರೋಶಿ
2 ಸೆಪ್ಟೆಂಬರ್ 1987

ಮಂಗಲಾ,

ಕೇಳಿದೆಯಲ್ಲ, ಹೇಳುತ್ತೇನೆ.

ನಿನ್ನ ಸುರುಳಿ ಎರಡೂ ರೊಟ್ಟಿಯ ಹಾಗೆ ಚಪ್ಪಟೆ. ಕಾಲು ದುಂಡಗಿದೆ. ಮಗ್ಗುಲು ತಿರುಗಿದರೆ ಪಟ್ಟಿ ಸಮೇತ ಪಾದಕ್ಕೆ ಜಾರುತ್ತವೆ. ಕುದುರೆಯ ಬೆನ್ನಿಗೆ ಹಾಕುವ ತಡಿ ನೋಡಿದ್ದೀಯಲ್ಲ, ಹಾಗೆ ಬಾಗಿರಬೇಕು. ಬಕಲಿಗೆ ಸಿಕ್ಕಿ ಸೀರೆ ಎರಡು ಸಲ ಹರಿದಿದೆ. ನಾನು ಹಳೆಯ ಕಂಬಳಿ ಕತ್ತರಿಸಿ ಒಂದು ಚೀಲ ಹೊಲಿದು, ಸುರುಳಿಗಳನ್ನು ಅದರೊಳಗೆ ಇಟ್ಟು, ಲಾಡಿಯಿಂದ ಕಟ್ಟಿದ್ದೇನೆ. ಈಗ ಜಾರುವುದಿಲ್ಲ. ಚಿತ್ರ ಹಿಂದಿನ ಪುಟದಲ್ಲಿದೆ.

ನೀನು ಕೇಳದ ಒಂದು ಮಾತು. ಹಿಂದೆ ಎರಡು ಸಲ ಪ್ಲಾಸ್ಟರ್ ಹಾಕಿದಾಗಲೂ ಡಾಕ್ಟರರು ಮಲಗು ಎಂದೇ ಹೇಳಿದ್ದರು. ಎಂಟು ದಿನಕ್ಕೆ ನಮ್ಮ ಅತ್ತೆ ರಾಮವ್ವ, "ಬರೇ ಮಲಗಿದ್ರ ಮನಿ ನಡೀತೈತೇನ? ಕೋಲ ಹಿಡಕೊಂಡ ಒಂದ ಕೊಡ ನೀರ ತಂದ್ರ ಏನಾಗತೈತಿ?" ಎನ್ನುತ್ತಿದ್ದಳು. ನಾನು ತರುತ್ತಿದ್ದೆ. ಅವಳು ಕೆಟ್ಟವಳಲ್ಲ, ಕೊಡ ಎರಡು, ಕೈ ಕಡಿಮೆ. ಈ ಸಲ ನೋಡು, ನೆರೆಯವರು ಬಂದರೆ ಬಾಗಿಲಲ್ಲೇ ತಡೆಯುತ್ತಾಳೆ: "ಸಾವಕಾಶ ಬರ್ರಿ, ಅಕಿಗೆ ಮಷಿನ್ ಹಚ್ಚ್ಯಾರ. ನಡುವ ಎಬಿಸಿದ್ರ ಕರೆಂಟ ನಿಂತ ಹೋಗತೈತಂತ." ಹಾಗೆಂದು ಅವಳಿಗೆ ಯಾರೂ ಹೇಳಿಲ್ಲ. ನಾನೂ ಅಲ್ಲ ಎನ್ನಲಿಲ್ಲ. ನೀರಿಗೆ ಈಗ ಮೈದುನನ ಹೆಂಡತಿ ತಾರವ್ವ ಹೋಗುತ್ತಾಳೆ.

ಹೊತ್ತು ಹೋಗಲಿ ಎಂದು ಹಾಲಸಿದ್ದ ಸಂತೆಯಿಂದ ಒಂದು ಟ್ರಾನ್ಸಿಸ್ಟರ್ ತಂದಿದ್ದಾನೆ. ಅದನ್ನು ಕಾಲಿನ ಮೇಲೆ, ನಿನ್ನ ಸುರುಳಿಗೆ ಒರಗಿಸಿ ಇಟ್ಟುಕೊಳ್ಳುತ್ತೇನೆ. ಧಾರವಾಡ, ಸಾಂಗಲಿ ಎರಡೂ ಕೇಂದ್ರ ಒಂದಿಷ್ಟೂ ಗರಗರ ಇಲ್ಲದೆ ಬರುತ್ತವೆ. ಹುಟ್ಟಿದಾಗಿನಿಂದ ಒಂದೇ ಕಡೆ ಇಷ್ಟು ದಿನ ನಾನು ಮಲಗಿದ್ದಿಲ್ಲ.

ಕಾಗದದ ಮಾತು ಮರೆತೆ. ಮುಂದೆ ಕೇಳುತ್ತೇನೆ.

ಸಿಟ್ಟು ಸ್ವಲ್ಪ ಇಳಿದಿರುವ,
ಕೆಂಪವ್ವ

*

ಪುಣೆ
11 ಸೆಪ್ಟೆಂಬರ್ 1987

ಡಾ. ಕಾಕಾಸಾಹೇಬ ಮಗದುಮ್ಮ ಅವರಿಗೆ,
ನಿಪಾಣಿ

ಮಾನ್ಯರೇ, ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ನನ್ನ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದಕ್ಕಾಗಿ. ನಲವತ್ತು ಪೆಟ್ಟಿಗೆಗಳ ಪೈಕಿ ಇಪ್ಪತ್ತರಲ್ಲಿ ಮಾತ್ರ ಸುರುಳಿಗೆ ವಿದ್ಯುತ್ತು ಹರಿಯುತ್ತದೆ. ಉಳಿದವುಗಳಲ್ಲಿ ದೀಪ ಉರಿಯುತ್ತದೆ, ಅಷ್ಟೇ. ಯಾವುದು ಜೀವಂತ, ಯಾವುದು ಖಾಲಿ ಎಂಬುದು ರೋಗಿಗೂ ನಿಮಗೂ ನನಗೂ ತಿಳಿಯಬಾರದು. ತಿಳಿದರೆ ಕೂಡಿದ ಎಲುಬು ಉಪಕರಣದಿಂದ ಕೂಡಿತೋ, ನಮ್ಮ ಆಸೆಯ ಕಣ್ಣಿಗೆ ಹಾಗೆ ಕಂಡಿತೋ ಎಂದು ಹೇಳಲಾಗುವುದಿಲ್ಲ. ಯಾವುದು ಯಾವುದು ಎಂಬ ಪಟ್ಟಿ ಮೊಹರಾಗಿ ನಿರ್ದೇಶಕರ ಕಪಾಟಿನಲ್ಲಿದೆ.

ನಿಮ್ಮ ರೋಗಿಗಳಲ್ಲಿ ಒಬ್ಬಳು ನನ್ನ ಬಾಲ್ಯದ ಗೆಳತಿ. ಅವಳ ಕಾಲು ಮುರಿದದ್ದು ನನ್ನಿಂದ. ಅವಳು ಪತ್ರದಲ್ಲಿ ಆಡಿದ ಒಂದು ಸಾದಾ ಮಾತಿನಿಂದ ಅವಳ ಪೆಟ್ಟಿಗೆಯೊಳಗೆ ಏನಿದೆ ಎಂದು ನನಗೆ ತಿಳಿದುಹೋಗಿದೆ. ವಿನ್ಯಾಸದಲ್ಲಿ ಉಳಿದ ಆ ದೋಷ ನನ್ನದೇ. ಏನು ತಿಳಿಯಿತೆಂದು ಬರೆಯುವುದಿಲ್ಲ. ಕೇಳುವುದಿಷ್ಟೇ: ಒಬ್ಬ ರೋಗಿಗೆ ನಡುವೆಯೇ ಬೇರೆ ಪೆಟ್ಟಿಗೆ ಕೊಡಲು ಸಾಧ್ಯವೇ?

ವಿಧೇಯಳಾದ,
ಮಂಗಲ ಜಿನ್ನಪ್ಪ ಚೌಗುಲೆ

*

ನಿಪಾಣಿ
19 ಸೆಪ್ಟೆಂಬರ್ 1987

ಮಂಗಲ ಅವರಿಗೆ,

ಬೇರೆ ಪೆಟ್ಟಿಗೆ ಏಕೆ ಕೇಳುತ್ತೀರಿ ಎಂದು ಅರ್ಥ ಮಾಡಿಕೊಳ್ಳಲು ನಾನು ನಿರಾಕರಿಸುತ್ತೇನೆ. ನಿಮ್ಮ ಪತ್ರವನ್ನು ಹರಿದಿದ್ದೇನೆ.

ಆರು ತಿಂಗಳಿಗೆ ಎಲುಬು ಕೂಡದಿದ್ದರೆ, ಪ್ರತಿಯೊಬ್ಬ ರೋಗಿಗೂ ಜೀವಂತವೆಂದು ಖಚಿತವಾದ ಪೆಟ್ಟಿಗೆ ಕೊಡುವುದು ಮೊದಲೇ ಆದ ಒಪ್ಪಂದ. ಯಾರಿಗೂ ಮೋಸವಿಲ್ಲ, ತಡವಿದೆ. ಆ ತಡ ನಿಮ್ಮ ಗೆಳತಿಯ ಪಾಲಿಗೆ ಬಂದಿರಬಹುದು, ಬರದಿರಲೂಬಹುದು. ನಿಮ್ಮ ಸುರುಳಿಯಿಂದ ಎಲುಬು ಬೆಳೆಯುತ್ತದೆ ಎಂದು ನಿಮಗೆ ಖಾತ್ರಿ ಇದ್ದಿದ್ದರೆ ಈ ಪರೀಕ್ಷೆಯೇ ಬೇಕಿರಲಿಲ್ಲ. ಇಲ್ಲವಲ್ಲ?

ನಲವತ್ತೂ ಜನರಿಗೆ ಸಮನಾಗಿ ಬೇಕಾದದ್ದು ಒಂದಿದೆ. ಅಲುಗಾಡದೆ ಇರುವುದು. ಅದನ್ನು ನಿಮ್ಮ ಗೆಳತಿಗೆ ಎಷ್ಟು ಸಲ ಬೇಕಾದರೂ ಬರೆಯಿರಿ.

ಕಾಕಾಸಾಹೇಬ

*

ಪುಣೆ
23 ಸೆಪ್ಟೆಂಬರ್ 1987

ಕೆಂಪವ್ವಾ,

ನಿನ್ನ ಕಂಬಳಿ ಚೀಲದ ಚಿತ್ರ ನಮ್ಮ ಗೋಡೆಯ ಮೇಲಿದೆ. ಸುರುಳಿಯನ್ನು ತಡಿಯಂತೆ ಬಾಗಿಸಿ ಹೊಸದೊಂದನ್ನು ಸುತ್ತುತ್ತಿದ್ದೇವೆ.

ಕಾಲು ಊರಬೇಡ. ಒಂದು ಕೊಡ ನೀರಿಗೂ ಬೇಡ, ಹಬ್ಬಕ್ಕೂ ಬೇಡ, ಮನೆಗೆ ಬೆಂಕಿ ಬಿದ್ದರೂ ಯಾರಾದರೂ ಎತ್ತಿಕೊಂಡು ಹೋಗಲಿ. ಇದಕ್ಕಿಂತ ಹೆಚ್ಚು ಬರೆಯಲು ಇವತ್ತು ನನ್ನಿಂದಾಗುವುದಿಲ್ಲ.

ಮಂಗಲ

*

ಕರೋಶಿ
14 ಜನವರಿ 1988

ಮಂಗಲಾ, ಮಂಗಲಾ,

ಕೂಡಿದೆ.

ನಿನ್ನೆ ನಿಪಾಣಿಗೆ ಹೋಗಿದ್ದೆವು. ಡಾಕ್ಟರರು ಪ್ಲಾಸ್ಟರ್ ಕೊಯ್ದು, ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ತಿರುಗಿ ತಿರುಗಿ ನೋಡಿದರು. ಹಾಲಸಿದ್ದ ತಡೆಯಲಾರದೆ, "ಏನಾತ್ರಿ ಸಾಹೇಬ್ರ? ತಗೀಬೇಕೇನ್ರಿ?" ಎಂದ. ಅವರು ನಕ್ಕು, "ತಗದದ್ದು ಪ್ಲಾಸ್ಟರ್ ಅಷ್ಟ. ಇದ ನೋಡು, ಎರಡರ ನಡುವ ಬೆಳ್ಳಗ ಸೇತುವಿ ಕಟ್ಟೈತಿ," ಎಂದರು. ಹಾಲಸಿದ್ದನಿಗೆ ಆ ಫೋಟೋದಲ್ಲಿ ಏನೂ ಕಾಣಲಿಲ್ಲ. ಆದರೂ ದವಾಖಾನೆಯಲ್ಲಿ ಕೂತವರಿಗೆಲ್ಲ ಹಿಡಿದು ತೋರಿಸಿದ.

ನಾನು ಎರಡೂ ಪಾದ ನೆಲಕ್ಕೆ ಇಟ್ಟೆ. ನೆಲ ತಣ್ಣಗಿತ್ತು. ಅಷ್ಟಕ್ಕೇ ಅಳು ಬಂತು.

ಅಲ್ಲಿ ರಾಯಬಾಗದ ಕಡೆಯ ಭರಮು ಎಂಬವನು ಸಿಕ್ಕಿದ್ದ. ಅವನದೂ ಮೊಣಕಾಲ ಕೆಳಗಿನ ಎಲುಬೇ, ಅವನಿಗೂ ಪೆಟ್ಟಿಗೆ. ಅವನ ಎಲುಬು ಕೂಡಿಲ್ಲ. ನನ್ನ ಕಾಲನ್ನು ನೋಡಿ ತನ್ನ ಕಾಲಿನ ಮೇಲೆ ಧೋತರ ಎಳೆದುಕೊಂಡ. ಅವನ ಎದುರು ನಗಲು ನನಗೆ ನಾಚಿಕೆಯಾಯಿತು.

ಪೆಟ್ಟಿಗೆ ತಿರುಗಿ ಕೊಡುವ ಮೊದಲು ರಾಮವ್ವ ಅದಕ್ಕೆ ಕುಂಕುಮ ಹಚ್ಚಿದ್ದಳು. ಒರೆಸಿದರೂ ಮೂಲೆಯಲ್ಲಿ ಕೆಂಪು ಉಳಿದಿದೆ. ನಿನ್ನ ಸಾಹೇಬರು ಬೈದರೆ ನನ್ನ ಹೆಸರು ಹೇಳು.

ನಾನು ಸಿಟ್ಟು ಬಿಟ್ಟೆ. ನೀನು ಕಾಲು ಮುರಿದೆ, ನೀನೇ ಕೂಡಿಸಿದೆ. ನಿನ್ನ ಕೈಗೆ, ನಿನ್ನ ವಿದ್ಯೆಗೆ ಪುಣ್ಯ ಬರಲಿ. ಹೋಳಿಯ ಹೊತ್ತಿಗೆ ಹಿಂಡಿನ ಸಂಗಡ ಹೊರಡುತ್ತೇನೆ.

ಎರಡೂ ಕಾಲ ಮೇಲೆ ನಿಂತ,
ಕೆಂಪವ್ವ

*

ಪುಣೆ
14 ಅಕ್ಟೋಬರ್ 1988

ಕೆಂಪವ್ವಾ,

ನಿನ್ನ ಜನವರಿಯ ಪತ್ರಕ್ಕೆ ನಾಲ್ಕು ಸಾಲು ಬರೆದು ಸುಮ್ಮನಾಗಿದ್ದೆ. ನೀನು ಹರಸಿದ ಪ್ರತಿ ಮಾತೂ ನನಗೆ ಚುಚ್ಚುತ್ತಿತ್ತು. ಮೊನ್ನೆ ಸೋಮವಾರ, ಯಾರಿಗೆ ಯಾವ ಪೆಟ್ಟಿಗೆ ಹೋಗಿತ್ತು ಎಂಬ ಪಟ್ಟಿಯ ಮೊಹರು ಒಡೆದರು. ಇನ್ನು ಹೇಳಬಹುದು.

ನಿನ್ನ ಪೆಟ್ಟಿಗೆ ಖಾಲಿಯಾಗಿತ್ತು. ದೀಪ ಉರಿಯುತ್ತಿತ್ತು, ಸುರುಳಿಗೆ ವಿದ್ಯುತ್ತು ಹೋಗುತ್ತಿರಲಿಲ್ಲ. ನಲವತ್ತರಲ್ಲಿ ಇಪ್ಪತ್ತು ಹಾಗೆ ಇದ್ದವು, ಬೇಕೆಂದೇ. ಉಪಕರಣ ನಿಜವಾಗಿ ಕೆಲಸ ಮಾಡುತ್ತದೆಯೋ ಎಂದು ತಿಳಿಯಲು ಬೇರೆ ದಾರಿ ಇಲ್ಲ. ನೀನು ಸಹಿ ಮಾಡಿದ ಕಾಗದದಲ್ಲಿ ಇದೇ ಬರೆದಿತ್ತು. ನಿನಗೆ ಅದು ತಿಳಿದಿಲ್ಲ ಎಂದು ನನಗೆ ಗೊತ್ತಿತ್ತು. "ಇನ್ನೊಮ್ಮೆ ಓದಿಸಿ ಕೇಳು" ಎಂದು ಬರೆದು ಕೈ ತೊಳೆದುಕೊಂಡೆ.

ಇನ್ನೂ ಇದೆ. ಜೀವಂತ ಸುರುಳಿಗೆ ರೇಡಿಯೋ ತಾಗಿಸಿದರೆ ಹಾಡು ಕೇಳುವುದಿಲ್ಲ, ಟಿಕಟಿಕ ಸದ್ದು ಬರುತ್ತದೆ. ಸಾಂಗಲಿ ಸ್ವಚ್ಛವಾಗಿ ಬರುತ್ತದೆ ಎಂದು ನೀನು ಬರೆದ ದಿನವೇ ನನಗೆ ಗೊತ್ತಾಯಿತು. ನಾಲ್ಕು ತಿಂಗಳು ಗೊತ್ತಿದ್ದೂ ನಿನ್ನನ್ನು ಆ ಖಾಲಿ ಪೆಟ್ಟಿಗೆಯ ಪಕ್ಕ ಮಲಗಿಸಿದೆ. ಮತ್ತೆ ಓಡಿಹೋದ ಹಾಗೆಯೇ ಆಯಿತು, ಈ ಸಲ ಕೂತಲ್ಲೇ ಕೂತು.

ಜೀವಂತ ಪೆಟ್ಟಿಗೆಯವರಲ್ಲಿ ಹದಿಮೂರು ಜನರ ಎಲುಬು ಕೂಡಿತು. ಖಾಲಿ ಪೆಟ್ಟಿಗೆಯವರಲ್ಲಿ ಹನ್ನೆರಡು. ಇಷ್ಟು ಜನರಲ್ಲಿ ಒಂದರ ವ್ಯತ್ಯಾಸಕ್ಕೆ ಬೆಲೆಯಿಲ್ಲ. ನನ್ನ ಸುರುಳಿಯಿಂದ ಎಲುಬು ಬೆಳೆಯುತ್ತದೆ ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ. ಭರಮುವಿನದು ಜೀವಂತ ಪೆಟ್ಟಿಗೆ. ಎರಡೂವರೆ ವರ್ಷದ ಕೆಲಸ. ಮುಂದುವರಿಸಲು ಬಿಡುವರೋ ಇಲ್ಲವೋ ತಿಳಿಯದು.

ಕಾಲು ಮುರಿದವಳು ನಾನು. ಕೂಡಿಸಿದವಳು ನಾನಲ್ಲ. ಆ ಪುಣ್ಯ ತಿರುಗಿ ತೆಗೆದುಕೋ.

ಮಂಗಲ

*

ಕರೋಶಿ
26 ಫೆಬ್ರುವರಿ 1989

ಮಂಗಲಾ,

ನಿನ್ನ ಪತ್ರ ಓದಿ ಮೈಯೆಲ್ಲ ಉರಿಯಿತು. ಆರು ತಿಂಗಳು ಖಾಲಿ ಡಬ್ಬಿಯನ್ನು ಕೂಸಿನ ಹಾಗೆ ಕಾದಿದ್ದೆನಲ್ಲ! ಉತ್ತರ ಬರೆಯಬಾರದು ಎಂದುಕೊಂಡು ಹಿಂಡಿನ ಸಂಗಡ ಹೊರಟೆ. ಅಥಣಿಯ ಕಡೆ ಒಂದು ತಿಂಗಳು, ಆಮೇಲೆ ಕಾಗವಾಡದ ಹತ್ತಿರ ಕೃಷ್ಣೆಯ ದಂಡೆಗೆ. ದಿನಕ್ಕೆ ಆರೇಳು ಮೈಲಿ. ನಡೆಯುತ್ತ ನಡೆಯುತ್ತ ಯೋಚಿಸಿದೆ. ಸಿಟ್ಟು ಮಾಡಿಕೊಂಡು ನಡೆಯುತ್ತಿದ್ದೇನೆ, ಆದರೆ ನಡೆಯುತ್ತಿದ್ದೇನಲ್ಲ ಎನಿಸಿತು.

ಹಾಲಸಿದ್ದನಿಗೆ ಎಲ್ಲ ಹೇಳಿದೆ. ಅವನು ಕೋಲಿನಿಂದ ನೆಲ ಕೆದರಿ, "ಹಂಗಾರ ಕೂಡಸಿದ್ದ ಯಾವದು?" ಎಂದ. ಅದಕ್ಕೆ ಉತ್ತರವನ್ನೇ ನಾನು ನಿನಗೆ ಬರೆಯುತ್ತಿದ್ದೇನೆ, ನಿನ್ನ ಪರೀಕ್ಷೆಯ ಪುಸ್ತಕದಲ್ಲಿ ಸೇರಿಸಿಕೋ. ರಾಯಬಾಗದ ಸಂತೆಗೆ ಹೋದಾಗ ಭರಮುವನ್ನು ಅವನ ಮನೆಯಲ್ಲೇ ಮತ್ತೆ ಕಂಡೆ. ಕಬ್ಬಿನ ಹಂಗಾಮು ಶುರುವಾದಾಗ ಪೆಟ್ಟಿಗೆಯನ್ನು ಗೂಟಕ್ಕೆ ತೂಗುಹಾಕಿ, ಪ್ಲಾಸ್ಟರಿನ ಕಾಲಲ್ಲೇ ಗಾಡಿ ಹೇರಲು ಹೋಗುತ್ತಿದ್ದನಂತೆ. "ಡಾಕ್ಟರ್‌ಗೆ ಹೇಳಲಿಲ್ಲೇನ?" ಎಂದೆ. "ಅವರು ಕೇಳಲಿಲ್ಲವಾ," ಎಂದ. ಈಗ ಕಾಲು ಊರದೆ ಕೂತಿದ್ದಾನೆ, ಹೆಂಡತಿ ಕಾವಲು. ಮುಂದಿನ ಪೆಟ್ಟಿಗೆ ಮಾಡುವಾಗ ಮನೆಯಲ್ಲಿ ನೀರು ಯಾರು ತರುತ್ತಾರೆ ಎಂದು ಎಲ್ಲರನ್ನೂ ಕೇಳಿ ಬರೆದಿಡು. ಸುರುಳಿ ಎಲುಬಿಗೆ ಏನು ಮಾಡುತ್ತದೋ ನೀನು ಆಮೇಲೆ ಕಂಡುಹಿಡಿ. ನನ್ನನ್ನು ಯಾರೂ ಮಲಗಲು ಬಿಡದ ಮನೆಯಲ್ಲಿ ಆರು ತಿಂಗಳು ಮಲಗಲು ಬಿಟ್ಟದ್ದು ನೀನು ಮಾಡಿದ ಪೆಟ್ಟಿಗೆ. ಖಾಲಿಯೋ ತುಂಬಿದ್ದೋ, ಅದು ಬರದಿದ್ದರೆ ನಾನು ಇವತ್ತು ಒಂದೇ ಕಾಲಿನವಳು.

ಇನ್ನೊಂದು. ಆ ದಿನ ಬೇಡಕಿಹಾಳದ ತಿರುವಿನಲ್ಲಿ, "ಇನ್ನಷ್ಟ ಜೋರ ಹೊಡಿ ಲೇ," ಎಂದು ನಿನ್ನ ಬೆನ್ನಿಗೆ ಗುದ್ದಿದವಳು ನಾನು. ನೀನು ಯಾವ ಪತ್ರದಲ್ಲೂ ಅದನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮೂರು ವರ್ಷ ತಪ್ಪನ್ನೆಲ್ಲ ನಿನಗೊಬ್ಬಳಿಗೇ ಹೊರಿಸಿದ್ದೆ. ಮನ್ನಿಸು.

ಈಗ ಮನೆಗೆ ಬಂದದ್ದು ತಾರವ್ವನ ಹೆರಿಗೆಗೆ. ಅವಳಿಗೆ ತವರಿಲ್ಲ. ಇದು ಎರಡನೆಯದು, ಹೆಣ್ಣು. ಹೆರಿಗೆ ಕಷ್ಟವಾಯಿತು, ರಕ್ತ ಬಹಳ ಹೋಯಿತು. ಒಂಬತ್ತನೆಯ ದಿನ ಬೆಳಿಗ್ಗೆ ರಾಮವ್ವ, "ತಾರಾ, ಏಳವಾ, ಮೈ ಸಡ್ಲ ಆಗತೈತಿ, ಒಂದ ಕೊಡ ತಂದಬಿಡು," ಎಂದಳು. ತಾರವ್ವ ಗೋಡೆ ಹಿಡಿದು ಎದ್ದಳು. ಮುಖ ಸುಣ್ಣದ ಹಾಗೆ ಆಗಿತ್ತು. ಆಗ ನಾನು ಹೇಳಿಬಿಟ್ಟೆ. "ಅತ್ತೀ, ನನ್ನ ಮಷಿನ್‌ದಾಗ ಕರೆಂಟ ಇರಲಿಲ್ಲ. ಬರೇ ದೀಪ ಇತ್ತು. ನನ್ನ ಎಲುಬ ಕೂಡಿದ್ದ ನೀ ನನ್ನ ಎಬಿಸಲಿಲ್ಲಂತ."

ರಾಮವ್ವ ನಂಬಲಿಲ್ಲ. "ಖಾಲಿ ಮಷಿನ್ ಇಷ್ಟ ಮಾಡಿದ್ರ, ತುಂಬಿದ್ದ ಏನೇನ ಮಾಡತಿತ್ತ!" ಎಂದಳು. ನಾನು ನಿನ್ನ ಪತ್ರ ತಂದು ಓದಿದೆ, ಪೂರಾ. ಅವಳು ಕೇಳುತ್ತ ಕೇಳುತ್ತ ಕೂತುಬಿಟ್ಟಳು. ಆಮೇಲೆ ಎದ್ದು, ತಾರವ್ವನ ಕೈಯಿಂದ ಕೊಡ ಕಸಿದುಕೊಂಡು, "ಬಿದ್ಕೋ," ಎಂದಳು. ಅಷ್ಟೇ.

ಇನ್ನೊಂದು ಕೊಡ ನಾನು ತೆಗೆದುಕೊಂಡೆ. ಬಾವಿಗೆ ಅವಳು ಮುಂದೆ, ನಾನು ಹಿಂದೆ. ಹಗ್ಗ ಇಳಿಬಿಡುತ್ತ, ನನ್ನ ಕಡೆ ನೋಡದೆ ಹೇಳಿದಳು: "ನಾ ಎಂಟ ಹಡದೀನಿ. ಒಂದಕ್ಕೂ ಯಾರೂ ಬಿದ್ಕೋ ಅಂದಿರಲಿಲ್ಲ."

ಮಂಗಲಾ, ಈ ಮನೆಗೆ ಬಂದು ಹದಿನೈದು ವರ್ಷವಾಯಿತು, ಅವಳು ತನ್ನ ಬಗ್ಗೆ ಒಂದು ಮಾತು ಆಡಿದ್ದು ಇದೇ ಮೊದಲು. ನಿನ್ನ ಪತ್ರ ಬಂದಿರದಿದ್ದರೆ ಆಡುತ್ತಿರಲಿಲ್ಲ. ಅವಳ ಕೊಡವನ್ನೂ ನಾನೇ ಸೇದಿದೆ.

ಪುಣ್ಯ ತಿರುಗಿ ತೆಗೆದುಕೊಳ್ಳುವುದಿಲ್ಲ. ನಿನ್ನಲ್ಲೇ ಇರಲಿ.

ನಿನ್ನ,
ಕೆಂಪವ್ವ